ಮೊದಲೇ ಹಾಕಿದ ಟಿಕ್

ಅವನು ಅವಳ ಮುಖ ನೋಡುವ ಮೊದಲು ಕಾಲು ನೋಡಿದ. ಅಲ್ಲಿಗೇ ಅವಳಿಗೆ ಅವನ ಮೇಲೆ ಸಿಟ್ಟು ಬಂತು.

ಶೂ ಮಾಡುವವನು ಕಾಲು ನೋಡದೆ ಇನ್ನೇನು ನೋಡಬೇಕು ಎಂದು ಅವಳಿಗೂ ಗೊತ್ತಿತ್ತು. ಆದರೂ ಅಂಗಡಿಯ ಗಾಜಿನ ಬಾಗಿಲಿನಿಂದ ಗಲ್ಲಾದವರೆಗೆ ಅವಳು ನಡೆದು ಬಂದ ಅಷ್ಟು ದೂರವನ್ನೂ ಅವನ ಕಣ್ಣು ಒಂದು ರಾಗವನ್ನು ಹಿಂಬಾಲಿಸುವ ಕಿವಿಯ ಹಾಗೆ ಹಿಂಬಾಲಿಸಿದ್ದು ಅವಳಿಗೆ ಸರಿಬರಲಿಲ್ಲ. ಬೆನ್ನನ್ನು ಇನ್ನಷ್ಟು ನೆಟ್ಟಗೆ ಮಾಡಿಕೊಂಡಳು.

"ಕಂಪ್ಯೂಟರ್ ನೋಡೋಕೆ ಬಂದಿರೋದು ನಾನು," ಎಂದಳು. "ನನ್ನ ಕಾಲಿಗೇನೂ ರಿಪೇರಿ ಬೇಕಾಗಿಲ್ಲ."

ಅವನು ಕಿವಿಯವರೆಗೂ ಕೆಂಪಾದ. "ಸಾರಿ ಮೇಡಂ. ಅಭ್ಯಾಸ."

ಗಲ್ಲಾದಲ್ಲಿ ಕೂತಿದ್ದ ಅವನ ಅಮ್ಮ ಕನ್ನಡಕದ ಮೇಲಿನಿಂದ ನೋಡಿದರು. "ಬೇಜಾರು ಮಾಡ್ಕೋಬೇಡಮ್ಮ. ಇವನ ಕಣ್ಣು ನೆಲ ಬಿಟ್ಟು ಮೇಲೆ ಏಳೋದೇ ಇಲ್ಲ. ಅದಕ್ಕೇ ಇನ್ನೂ ಮದುವೆ ಆಗಿಲ್ಲ."

"ಅಮ್ಮಾ!"

"ಏನೋ? ಸುಳ್ಳಾ?"

ಅವಳಿಗೆ ನಗು ಬಂತು. ನುಂಗಿಕೊಂಡಳು. ನಗುವುದಕ್ಕೆ ಮೊದಲು ಸುತ್ತ ನೋಡಿಕೊಳ್ಳುವುದು ಅವಳ ಚಾಳಿ. ಮನೆಯಲ್ಲಿ ಅಕ್ಕ ಅವಳಿಗೆ 'ಪಹರೆ' ಎಂದೇ ಹೆಸರಿಟ್ಟಿದ್ದಳು. ಯಾರು ಎಲ್ಲಿ ನಿಂತಿದ್ದಾರೆ, ಯಾರ ಕಣ್ಣು ಎಲ್ಲಿದೆ, ಮೆಟ್ಟಿಲು ಎಲ್ಲಿ ಮುಗಿಯುತ್ತದೆ, ನೆಲ ಎಲ್ಲಿ ತಗ್ಗಾಗಿದೆ, ಎಲ್ಲವೂ ಅವಳಿಗೆ ಮೊದಲೇ ಗೊತ್ತಿರಬೇಕು. ಅದಕ್ಕೆ ಕಾರಣವಿತ್ತು. ಅವಳ ಎಡಗಾಲು ಬಲಗಾಲಿಗಿಂತ ಒಂಚೂರು ಗಿಡ್ಡ. ಹುಟ್ಟಿನಿಂದಲೇ ಹಾಗೆ. ಎಡ ಶೂ ಒಳಗೆ ಸ್ಪಂಜಿನ ತುಂಡೊಂದನ್ನು ಮಡಿಚಿಟ್ಟುಕೊಂಡು, ಕನ್ನಡಿಯ ಮುಂದೆ ವರ್ಷಗಟ್ಟಲೆ ನಡೆದು ನಡೆದು, ಯಾರ ಕಣ್ಣಿಗೂ ಬೀಳದ ಹಾಗೆ ನಡೆಯುವುದನ್ನು ಅವಳು ಕಲಿತಿದ್ದಳು. ಕಾಲೇಜು ಮುಗಿಸಿದ್ದರ ಬಗ್ಗೆ ಇರುವುದಕ್ಕಿಂತ ಹೆಚ್ಚು ಹೆಮ್ಮೆ ಅವಳಿಗೆ ಆ ನಡಿಗೆಯ ಬಗ್ಗೆ ಇತ್ತು.

ಈ ಅಂಗಡಿಯ ಬೋರ್ಡು ನೋಡಿದಾಗಲೇ ಅವಳ ಹೆಜ್ಜೆ ತಡೆದಿತ್ತು. ಒಂದು ಕಾಲು ಇನ್ನೊಂದರ ಹಾಗಿಲ್ಲದವರಿಗೆ ಶೂ ಮಾಡಿಕೊಡುವ ಅಂಗಡಿ ಅದು.

ಕಂಪ್ಯೂಟರ್ ಹಿಂದಿನ ಕೆಲಸದ ಕೋಣೆಯಲ್ಲಿತ್ತು. ಆ ಕೋಣೆಗೆ ಬೀದಿಯಲ್ಲಿ ಓಡಾಡಿದ ಶೂ ಹೋಗುವಂತಿಲ್ಲ. ಒಂದು ಮರಳಿನ ಕಣ ಸಾಕು, ಚರ್ಮದ ಮೇಲೆ ಗೀರು ಬೀಳಲು. ಬಾಗಿಲ ಬಳಿಯ ಮರದ ಹಲಗೆಯ ಮೇಲೆ ಶೂ ಬಿಟ್ಟು ಅಲ್ಲಿಟ್ಟಿದ್ದ ಬಟ್ಟೆಯ ಚಪ್ಪಲಿ ಹಾಕಿಕೊಳ್ಳಬೇಕು. ಅವಳು ಒಂದು ಗಳಿಗೆ ಹಿಂದೆಮುಂದೆ ನೋಡಿದಳು. ಆಮೇಲೆ ಎಡ ಶೂವನ್ನು ಬಲ ಶೂವಿನ ಹಿಂದೆ, ಮೂಲೆಗೆ ಸೇರಿಸಿಟ್ಟು ಒಳಗೆ ಹೋದಳು.

ಗೋಡೆಯುದ್ದಕ್ಕೂ ಮರದ ಕಾಲುಗಳು. ಗಿರಾಕಿಗಳ ಪಾದದ ಅಳತೆಗೆ ಕೆತ್ತಿದ ಅಚ್ಚುಗಳು, ಜೋಡಿ ಜೋಡಿಯಾಗಿ ಕಪಾಟಿನಲ್ಲಿ ಕೂತಿದ್ದವು. ಯಾವ ಜೋಡಿಯಲ್ಲೂ ಎರಡು ಕಾಲು ಒಂದೇ ಥರ ಇರಲಿಲ್ಲ. ಅವಳು ಕಣ್ಣು ತೆಗೆದು ಪರದೆಯತ್ತ ನೋಡಿದಳು.

"ಅಯ್ಯೋ ದೇವರೇ."

"ಗೊತ್ತು," ಎಂದ ಅವನು, ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ.

ಬ್ರೌಸರ್‌ನ ತಲೆಯ ಮೇಲೆ ಟೂಲ್‌ಬಾರ್‌ಗಳು ಮಹಡಿ ಮೇಲೆ ಮಹಡಿ ಕಟ್ಟಿದ್ದವು. ಒಂದು ಹವಾಮಾನ ಹೇಳುತ್ತಿತ್ತು, ಅದೂ ಯಾವುದೋ ಬೇರೆ ಊರಿನದು. ಒಂದು ಕೂಪನ್ ಕೊಡುತ್ತೇನೆ ಎನ್ನುತ್ತಿತ್ತು. ಒಂದರ ತುಂಬ ಹಳದಿ ನಗುಮುಖಗಳು. ಒಂದರ ತುದಿಯಲ್ಲಿ ಕಂದು ಬಣ್ಣದ ನಾಯಿಮರಿ ಕೂತು ಬಾಲ ಅಲ್ಲಾಡಿಸುತ್ತಿತ್ತು. ಅವೆಲ್ಲ ಮುಗಿದ ಮೇಲೆ, ಕಿಟಕಿಯ ಕೆಳಗಿನ ಸಂದಿಯಲ್ಲಿ ಇಣುಕಿದ ಹಾಗೆ, ಯಾರದೋ ಕಾಲ್ಬೆರಳುಗಳು.

"ದೂರದ ಗಿರಾಕಿಗಳು ಕಾಲಿನ ಫೋಟೋ ಕಳಿಸ್ತಾರೆ," ಅವನು ವಿವರಿಸಿದ. "ಬೆರಳು ನೋಡಿದ್ರೆ ಹಿಮ್ಮಡಿ ಕಾಣಲ್ಲ. ಹಿಮ್ಮಡಿಗೆ ಹೋದ್ರೆ ಬೆರಳು ಮಾಯ. ಏನಾದ್ರೂ ಹುಡುಕೋಣ ಅಂದ್ರೆ ಇನ್ನೆಲ್ಲಿಗೋ ಕರ್ಕೊಂಡು ಹೋಗುತ್ತೆ. ನೀವು ಕೂತು ಎಲ್ಲಾ ತೆಗೆದುಬಿಡಿ ಮೇಡಂ. ನಾನು ಆ ಕಡೆ ಕೆಲಸ ನೋಡ್ಕೋತೀನಿ."

ಅವಳು ಕುರ್ಚಿಯನ್ನು ಅವನ ಕಡೆ ತಳ್ಳಿದಳು. "ನೀವು ಕೂತ್ಕೊಳ್ಳಿ. ನಾನು ಮೌಸ್ ಮುಟ್ಟಲ್ಲ."

ಅವನು ಮೌಸ್ ನೋಡಿದ. ಅದರ ಮೇಲೆ ಅಂಟಿನ ಕಲೆ, ಬಣ್ಣದ ಬೆರಳಚ್ಚು. "ಕೈ ಕೊಳೆ ಆಗುತ್ತಾ?"

"ಅದಕ್ಕಲ್ಲ. ನಾನು ತೆಗೆದುಕೊಟ್ರೆ ಇವತ್ತು ಹೋಗುತ್ತೆ, ಮುಂದಿನ ತಿಂಗಳು ಮತ್ತೆ ಬರುತ್ತೆ. ನೀವೇ ತೆಗೆದ್ರೆ, ಬಂದಾಗ ಏನು ಮಾಡಬೇಕು ಅಂತ ನಿಮ್ಮ ಕೈಗೆ ಗೊತ್ತಿರುತ್ತೆ. ಇದು ನನ್ನ ರೂಲ್."

"ಬೇರೆಯವರು ಹತ್ತು ನಿಮಿಷದಲ್ಲಿ ಮಾಡಿಕೊಟ್ಟು ಹೋಗ್ತಾರೆ."

"ಹಾಗಾದ್ರೆ ಅವರನ್ನೇ ಕರೀಬೋದಲ್ಲ?"

ಜಂಬಗಾರ್ತಿ ಎಂದು ಅವನಿಗೆ ಅನ್ನಿಸಿದ್ದು ಮುಖದ ಮೇಲೇ ಬರೆದಿತ್ತು. ಆದರೂ ಕೂತ. ಅವಳು ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡು, ಎರಡೂ ಕೈಗಳನ್ನು ಮಡಿಲಲ್ಲಿ ಜೋಡಿಸಿಟ್ಟುಕೊಂಡಳು.

"ಮೊದಲು ಯಾರು ಮನೆಯವರು, ಯಾರು ಬಂದು ಸೇರ್ಕೊಂಡೋರು ಅಂತ ನೋಡೋಣ. ಕಂಟ್ರೋಲ್ ಪ್ಯಾನಲ್‌ಗೆ ಹೋಗಿ. ಪ್ರೋಗ್ರಾಂಗಳ ಪಟ್ಟಿ ತೆಗೀರಿ. ಅದನ್ನ ಹೆಸರಿನ ಪ್ರಕಾರ ಅಲ್ಲ, ತಾರೀಖಿನ ಪ್ರಕಾರ ಜೋಡಿಸಿ."

ಜೋಡಿಸಿದ. ಒಂದೇ ದಿನ ಒಂದೇ ಗಾಡಿಯಲ್ಲಿ ಬಂದಿಳಿದ ನೆಂಟರ ಹಾಗೆ ಅವೆಲ್ಲ ಸಾಲಾಗಿ ನಿಂತಿದ್ದವು.

"ಇವರಲ್ಲಿ ಯಾರನ್ನ ನೀವು ಕರೆದಿದ್ರಿ?"

"ಇದೊಂದನ್ನ. ಅಳತೆ ಬದಲಾಯಿಸೋ ಪ್ರೋಗ್ರಾಂ. ಇಂಚಿನಿಂದ ಸೆಂಟಿಮೀಟರ್‌ಗೆ. ಫ್ರೀ ಅಂತ ಇತ್ತು."

"ಅದು ದಿಬ್ಬಣದ ಸಮೇತ ಬಂದಿದೆ. ಮಿಕ್ಕಿದ್ದನ್ನ ಒಂದೊಂದಾಗಿ ಕಳಿಸಿ. ಪ್ರತಿಯೊಂದನ್ನೂ ಓದಿ ಕಳಿಸಿ. ಅನುಮಾನ ಬಂದ್ರೆ ನನ್ನ ಕೇಳಿ."

ಹವಾಮಾನ ಹೋಯಿತು. ಕೂಪನ್ ಹೋಗುವ ಮೊದಲು 'ನಿಜವಾಗಿಯೂ ಬೇಡವೇ?' ಎಂದು ಕೇಳಿತು. 'ಬೇಡ' ಎನ್ನುವ ಗುಂಡಿಯನ್ನು ಕಣ್ಣಿಗೆ ಕಾಣದಷ್ಟು ತೆಳು ಬಣ್ಣದಲ್ಲಿ ಇಟ್ಟಿತ್ತು. ಅವನು ಅದನ್ನು ಪತ್ತೆ ಹಚ್ಚಿ ಒತ್ತಿ, ಶಭಾಷ್ ಎನ್ನಿಸಿಕೊಳ್ಳಲು ಅವಳತ್ತ ತಿರುಗಿದ. ಅವಳು ಹುಬ್ಬು ಮಾತ್ರ ಏರಿಸಿದಳು. ಅಷ್ಟಕ್ಕೇ ಅವನಿಗೆ ಬಹುಮಾನ ಬಂದ ಹಾಗಾಯಿತು.

ನಾಯಿಮರಿಯ ಸರದಿ ಬಂದಾಗ ಅಮ್ಮ ಒಳಗೆ ಬಂದರು. "ಏ, ಅದೊಂದು ಇರಲಿ ಬಿಡೋ. ಪಾಪ, ತನ್ನ ಪಾಡಿಗೆ ಬಾಲ ಅಲ್ಲಾಡಿಸ್ತಾ ಇರುತ್ತೆ."

"ಅದು ಪಾಪ ಅಲ್ಲಮ್ಮ," ಎಂದಳು ಅವಳು. "ನೀವು ಏನು ಬರೀತೀರಿ, ಎಲ್ಲಿ ಹೋಗ್ತೀರಿ ಅಂತೆಲ್ಲ ನೋಡಿ ಯಾರಿಗೋ ಹೇಳ್ತಾ ಇರುತ್ತೆ."

"ನಾಯಿಮರಿಯಾ?"

"ನಾಯಿಮರಿನೇ."

ಅಮ್ಮ ಬಹಳ ಹೊತ್ತು ಪರದೆ ನೋಡಿದರು. "ಮುಖ ನೋಡಿದ್ರೆ ಹಾಗನ್ನಿಸಲ್ಲಪ್ಪ. ಆಯ್ತು, ಕಳಿಸಿ." ಅನ್‌ಇನ್‌ಸ್ಟಾಲ್ ಒತ್ತಿದಾಗ ನಾಯಿಮರಿಯ ಕಣ್ಣಲ್ಲಿ ಒಂದು ನೀಲಿ ಹನಿ ಮೂಡಿತು. "ನೋಡಲಾರೆ," ಎಂದು ಅವರು ಹೊರಗೆ ಹೋದರು.

ಆಮೇಲೆ ಬ್ರೌಸರ್‌ನ ಸೆಟ್ಟಿಂಗ್ಸ್. ಎಕ್ಸ್‌ಟೆನ್ಷನ್‌ಗಳಲ್ಲಿ ಅಡಗಿದ್ದವನ್ನು ಎಳೆದು ಹೊರಗೆ ಹಾಕಿಸಿದಳು. ಹೋಮ್ ಪೇಜ್ ಮೊದಲಿನದಕ್ಕೆ ಬಂತು, ಹುಡುಕುವ ಜಾಗ ಸರಿಹೋಯಿತು. ಕಂಪ್ಯೂಟರ್ ಮುಚ್ಚಿ ತೆರೆದಾಗ ಪರದೆಯ ತುಂಬ ಒಂದು ಪಾದ ಅರಳಿತು, ಬೆರಳಿನಿಂದ ಹಿಮ್ಮಡಿಯವರೆಗೆ ಇಡಿಯಾಗಿ. ಅವನು ಉಸಿರು ಬಿಟ್ಟ. ಮರುಕ್ಷಣ ಮುಂದಕ್ಕೆ ಬಾಗಿ, ಅವಳು ಪಕ್ಕದಲ್ಲಿರುವುದನ್ನೇ ಮರೆತು, ಆ ಪಾದವನ್ನು ಓದತೊಡಗಿದ. ಹಾಗೆ ಓದುವಾಗ ಅವನ ತುಟಿ ಅಲುಗುತ್ತಿತ್ತು. ಅವಳು ಅದನ್ನು ನೋಡಿದಳು. ನೋಡಬಾರದಿತ್ತು ಎಂದುಕೊಂಡಳು.

"ಒಂದು ಮಾತು ಬಾಕಿ ಇದೆ. ಇವು ಹೇಗೆ ಒಳಗೆ ಬಂದ್ವು ಅಂತ ಗೊತ್ತಾಗಬೇಕು." ಅವಳು ಆ ಅಳತೆಯ ಪ್ರೋಗ್ರಾಂ ಅನ್ನು ಅವನ ಕೈಯಲ್ಲೇ ಮತ್ತೆ ಹಾಕಿಸಿದಳು. "'ನೆಕ್ಸ್ಟ್' ಒತ್ತೋ ಮೊದಲು ನಿಲ್ಲಿ. ಆ ಚಿಕ್ಕ ಅಕ್ಷರ ಓದಿ."

ಓದಿದ. ನಾಯಿಮರಿ ಟೂಲ್‌ಬಾರ್ ನನಗೆ ಬೇಕು, ಎಂದಿತ್ತು. ಪಕ್ಕದ ಚೌಕದಲ್ಲಿ ಟಿಕ್ ಮೊದಲೇ ಬಿದ್ದಿತ್ತು.

"ಇದನ್ನ ನಾನು ಹಾಕಿಲ್ಲ!"

"ಅವರೇ ಹಾಕಿಟ್ಟಿರ್ತಾರೆ."

"ಆದ್ರೆ ನಾನು ಹೂಂ ಅಂದೇ ಇಲ್ಲವಲ್ಲ?"

"ಬೇಡ ಅಂತಾನೂ ಅನ್ನಲಿಲ್ಲ. ಅವರಿಗೆ ಅಷ್ಟೇ ಸಾಕು."

ಅವನು ಆ ಟಿಕ್ ತೆಗೆದ. "ಇದು ಮೋಸ ಮೇಡಂ. ಕೇಳಿದ್ರೆ ಬೇಡ ಅಂದುಬಿಡ್ತಾರೆ ಅನ್ನೋ ಭಯ ಇದ್ದೋರು ಮಾಡೋ ಕೆಲಸ."

"ಹೌದು," ಎಂದಳು ಅವಳು. ಮೊದಲ ಸಲ ನಕ್ಕಳು. ಅವನು ಅವತ್ತು ಅವಳ ಕಾಲು ಬಿಟ್ಟು ಮುಖ ನೋಡಿದ.

* * *

ನಾಯಿಮರಿ ಮರುವಾರ ವಾಪಸ್ ಬಂತು.

ಫೋನಿನಲ್ಲಿ ಅವನು ಹೇಳಿದಾಗ ಅವಳಿಗೆ ಮುಖ ಸುಟ್ಟ ಹಾಗಾಯಿತು. ತಾನು ನೋಡಿದ ಮೆಷಿನ್‌ನಲ್ಲಿ ತೆಗೆದದ್ದು ಮತ್ತೆ ಬರುವುದೆಂದರೇನು? ಹೋಗಿ ಪಕ್ಕದಲ್ಲಿ ಕೂತು, ಕೈ ಮಡಿಲಲ್ಲಿಟ್ಟುಕೊಂಡು, ಅವನಿಂದ ಮೂಲೆ ಮೂಲೆ ಹುಡುಕಿಸಿದಳು. ಕಂಪ್ಯೂಟರ್ ಏಳುವಾಗಲೆಲ್ಲ ತಾನೂ ಎದ್ದು, ನಾಯಿಮರಿ ಇದೆಯಾ ಎಂದು ನೋಡಿ, ಇಲ್ಲದಿದ್ದರೆ ಕರೆತರುವ ಒಂದು ಸಣ್ಣ ಪ್ರೋಗ್ರಾಂ ಅಪ್‌ಡೇಟ್ ಎಂಬ ಹೆಸರು ಹೊತ್ತು ಕೂತಿತ್ತು.

"ಇದನ್ನ ನಾನು ಮೊದಲ ದಿನ ನೋಡಲಿಲ್ಲ. ನನ್ನ ತಪ್ಪು," ಎಂದಳು. ಹಾಗೆ ಹೇಳುವುದು ಅವಳಿಗೆ ಸುಲಭವಿರಲಿಲ್ಲ.

"ತಪ್ಪಾಗಿದ್ದು ಒಳ್ಳೇದೇ ಆಯ್ತು," ಎಂದ ಅವನು ಪರದೆ ನೋಡುತ್ತಲೇ.

"ಏನಂದ್ರಿ?"

"ಏನಿಲ್ಲ. ಡಿಲೀಟ್ ಒತ್ತಲಾ ಅಂದೆ."

ಅವಳು ಗೋಡೆಯ ಕಡೆ ತಿರುಗಿದಳು. ನಗುವನ್ನು ಮರದ ಕಾಲುಗಳು ಮಾತ್ರ ನೋಡಿದವು.

ಅಷ್ಟರಲ್ಲಿ ಹೊರಗೆ ಗಿರಾಕಿ ಬಂದಿದ್ದರು. ಅಪಘಾತದಲ್ಲಿ ಪಾದ ಮುರಿದುಕೊಂಡಿದ್ದ ಹೆಂಗಸು, ಜೊತೆಗೆ ಗಂಡ. ಹೊಸ ಶೂ ಸಿದ್ಧವಾಗಿತ್ತು. ಅವನು ನೆಲದ ಮೇಲೆ ಮಂಡಿಯೂರಿ ಶೂ ತೊಡಿಸಿದ. ಲೇಸ್ ಮಾತ್ರ ಅವರಿಂದಲೇ ಕಟ್ಟಿಸಿದ. ಆಮೇಲೆ ಎದ್ದು, ಹಿಂದಕ್ಕೆ ಹೋಗಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ.

"ಬನ್ನಿ," ಎಂದ.

ಗಂಡ ಕೈ ಚಾಚಿ ಮುಂದಾದರು. ಅವನು ಬೇಡ ಎಂದು ತಲೆಯಾಡಿಸಿದ.

"ಬಿದ್ದರೆ?"

"ಬೀಳಲ್ಲ ಸರ್. ಬಿದ್ದರೆ ಅದು ನನ್ನ ಶೂ ತಪ್ಪು, ಅವರದಲ್ಲ."

ಹೆಂಗಸು ಒಂದು ಹೆಜ್ಜೆ ಇಟ್ಟರು. ಇನ್ನೊಂದು. ಗಲ್ಲಾ ದಾಟಿದರು. ಕಿಟಕಿ ದಾಟಿದರು. ತಿರುಗಿ ಬರುವಾಗ ಅವರ ಗದ್ದ ಮೇಲೆದ್ದಿತ್ತು. ಬೆನ್ನ ಹಿಂದೆ ಅವನ ಬೆರಳುಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿದ್ದವು. ಅವು ಹಿಡಿಯಲು ಹಾತೊರೆಯುತ್ತಿದ್ದವು, ಆದರೂ ಹಿಡಿಯಲಿಲ್ಲ. ಅದನ್ನು ನೋಡಿದ್ದು ಕೆಲಸದ ಕೋಣೆಯ ಬಾಗಿಲಲ್ಲಿ ನಿಂತಿದ್ದ ಅವಳೊಬ್ಬಳೇ. ಮಡಿಲಲ್ಲಿ ಕೈ ಕಟ್ಟಿಕೊಂಡು ಕೂರುವವಳಿಗೆ, ಬೆನ್ನ ಹಿಂದೆ ಕೈ ಕಟ್ಟಿಕೊಂಡು ನಿಲ್ಲುವವನು ಸಿಕ್ಕಿದ್ದ.

ಅದಾದ ಮೇಲೆ ಟೂಲ್‌ಬಾರ್ ಯಾವುದೂ ಬರಲಿಲ್ಲ. ಅವನೇ ಫೋನ್ ಮಾಡಿದ.

"ಕಂಪ್ಯೂಟರ್ ಚೆನ್ನಾಗಿದೆ ಮೇಡಂ."

"ಸಂತೋಷ."

"ಆದ್ರೂ ಬರ್ತೀರಾ? ಕಾಫಿಗೆ."

ಅವಳು ಹೋದಳು. ಮತ್ತೆ ಹೋದಳು. ಕೆಲಸ ಮುಗಿಸಿ ಬಸ್ಸಿಳಿದರೆ ಅಂಗಡಿ ಅವಳ ದಾರಿಯಲ್ಲೇ ಇತ್ತು. ನಿಜವಾಗಿ ಹೇಳುವುದಾದರೆ ದಾರಿಯಲ್ಲಿರಲಿಲ್ಲ, ಅವಳು ದಾರಿ ಬದಲಿಸಿಕೊಂಡಿದ್ದಳು. ಅವನು ಚರ್ಮ ಕತ್ತರಿಸುತ್ತಾ ಮಾತಾಡುತ್ತಿದ್ದ, ಅವಳು ಕಾಫಿ ಲೋಟ ಹಿಡಿದು ಕೇಳುತ್ತಿದ್ದಳು. ಕತ್ತರಿ ನಿಂತಾಗಲೆಲ್ಲ ಅವನು ತಲೆ ಎತ್ತುತ್ತಿದ್ದ. ಅವನು ತಲೆ ಎತ್ತುವ ಹೊತ್ತಿಗೆ ಸರಿಯಾಗಿ ಅವಳು ಲೋಟದೊಳಗೆ ನೋಡುತ್ತಿದ್ದಳು.

"ಆ ಕಾಫಿಯಲ್ಲಿ ಏನು ಕಾಣುತ್ತೆ ಅಷ್ಟೊಂದು?"

"ನಿಮಗೆ ಯಾಕೆ? ನೀವು ನಿಮ್ಮ ಚರ್ಮ ನೋಡ್ಕೊಳ್ಳಿ, ಬೆರಳು ಕತ್ತರಿಸಿಕೊಂಡೀರಿ."

"ಇನ್ನೂ ಮೇಡಂ, ನೀವು ಅಂತಾನೇ ಕರೀಬೇಕಾ?"

"ಕರೀರಿ. ಕೇಳೋಕೆ ಚೆನ್ನಾಗಿದೆ."

ಹಾಗೆ ಎಲ್ಲವೂ ಚೆನ್ನಾಗಿರುವಾಗಲೇ ಒಂದು ಸಂಜೆ ಅವನು ಮೇಜಿನ ಮೇಲೆ ಡಬ್ಬಿಯೊಂದನ್ನು ಇಟ್ಟ. ಕಾಗದ ಸರಿಸಿದ. ಕಂದುಗೆಂಪು ಬಣ್ಣದ ಒಂದು ಜೊತೆ ಶೂ. ಅಷ್ಟು ಸುಂದರವಾದದ್ದನ್ನು ಅವಳು ಆ ಅಂಗಡಿಯಲ್ಲೂ ನೋಡಿರಲಿಲ್ಲ. ಕೈಗೆತ್ತಿಕೊಂಡು ಒಳಗೆ ಬೆರಳಾಡಿಸಿದಳು. ಬಲದ ಶೂವಿನ ತಳ ಸಪಾಟಾಗಿತ್ತು. ಎಡದ್ದು, ಹೊರಗೆ ಯಾರಿಗೂ ಕಾಣದ ಹಾಗೆ, ಒಳಗಿನಿಂದ ಎತ್ತರವಾಗಿತ್ತು. ಎಷ್ಟು ಬೇಕೋ ಅಷ್ಟೇ.

ಅವಳು ಬೆರಳು ಹೊರಗೆಳೆದಳು.

"ಯಾರು ಹೇಳಿದ್ದು ನಿಮಗೆ?"

"ಯಾರೂ ಹೇಳಲಿಲ್ಲ. ಮೊದಲ ದಿನ ಬಾಗಿಲಿಂದ ಗಲ್ಲಾಗೆ ಬರೋಷ್ಟರಲ್ಲೇ ಗೊತ್ತಾಯ್ತು. ಆಮೇಲೆ... ನೀವು ಶೂ ಹೊರಗೆ ಬಿಡ್ತಿದ್ರಲ್ಲ, ಅಳತೆ ತಗೊಂಡೆ. ಆ ಸ್ಪಂಜು ಹಿಮ್ಮಡಿ ಕೆಳಗಿಂದ ಜಾರುತ್ತೆ, ಸಾಯಂಕಾಲದ ಹೊತ್ತಿಗೆ ಸೊಂಟ ನೋಯ್ತಿರಬೇಕು. ಇದು ಹಾಕ್ಕೊಂಡ್ರೆ..." ಅವನ ಮುಖದಲ್ಲಿ ಸಂತೋಷ ಉಕ್ಕುತ್ತಿತ್ತು. ಅವಳ ಮುಖ ನೋಡಿ ಅದು ಅಲ್ಲೇ ನಿಂತಿತು.

ಅವಳು ಶೂವನ್ನು ಡಬ್ಬಿಯಲ್ಲಿಟ್ಟು ಕಾಗದ ಮುಚ್ಚಿದಳು. ಇಷ್ಟು ದಿನ ತಾನು ನಡೆದು ಬಂದದ್ದು, ಬೆನ್ನು ನೆಟ್ಟಗೆ ಮಾಡಿಕೊಂಡದ್ದು, ಯಾರಿಗೂ ಗೊತ್ತಿಲ್ಲ ಎಂದು ಹೆಮ್ಮೆಪಟ್ಟದ್ದು, ಎಲ್ಲವನ್ನೂ ಇವನು ಮೊದಲ ದಿನದಿಂದ ನೋಡುತ್ತಲೇ ಇದ್ದ. ತನ್ನ ಶೂ ಒಳಗೆ ಕೈ ಹಾಕಿದ್ದ. ಹಾಗಾದರೆ ಕಾಫಿ, ಮಾತು, ತಲೆ ಎತ್ತಿ ನೋಡಿದ್ದು, ಅವೆಲ್ಲ ಯಾವುದಕ್ಕಾಗಿ? ಅಯ್ಯೋ ಪಾಪ ಎಂದೇ?

"ನನ್ನ ಕೇಳಿದ್ರಾ?"

"ಖುಷಿಯಾಗ್ಲಿ ಅಂತ..."

"ಕೇಳಿದ್ರಾ?"

"ಇಲ್ಲ."

"ಬೇಡ ಅಂತ ನಾನು ಹೇಳಿರಲಿಲ್ಲ. ಅಷ್ಟೇ ಸಾಕಾಯ್ತು ನಿಮಗೆ."

ಅವನಿಗೆ ಅರ್ಥವಾಯಿತು. ಕೆನ್ನೆಗೆ ಹೊಡೆದಂತೆ ಅರ್ಥವಾಯಿತು. ಆದರೆ ಅಷ್ಟರಲ್ಲಿ ಅವಳು ತನ್ನ ಹಳೆಯ ಶೂ ಹಾಕಿಕೊಂಡು, ಲೇಸ್ ಕೂಡ ಸರಿಯಾಗಿ ಕಟ್ಟದೆ, ಗಾಜಿನ ಬಾಗಿಲು ದಾಟಿದ್ದಳು. ಅವನ ಕಣ್ಣಿನ ಮುಂದೆ ಕುಂಟಬಾರದು ಎಂದು ಹಲ್ಲುಕಚ್ಚಿ ನಡೆದಳು. ಬೀದಿಯ ತಿರುವು ದಾಟಿದ ಮೇಲೆ ಗೋಡೆ ಹಿಡಿದುಕೊಂಡಳು.

* * *

"ಅಳತೆ ಸರಿ ಇತ್ತಾ?" ಅಕ್ಕ ಕೇಳಿದಳು, ಬಟ್ಟೆ ಮಡಿಚುತ್ತಾ.

"ಹಾಕ್ಕೊಂಡೇ ನೋಡಲಿಲ್ಲ."

"ಅಯ್ಯೋ ಪಹರೆ! ಜಗಳ ಆಡೋದಿದ್ರೂ ಹಾಕ್ಕೊಂಡು ನೋಡಿ ಆಡಬೇಕಿತ್ತು."

"ತಮಾಷೆ ಮಾಡಬೇಡ ಅಕ್ಕ. ಅವನು ಕೇಳಲಿಲ್ಲ."

ಅಕ್ಕ ಮಡಿಚಿದ ಬಟ್ಟೆಯ ಮೇಲೆ ಕೈಯಿಟ್ಟು ಕೂತಳು. "ಸ್ಕೂಲಿಗೆ ಹೋಗುವಾಗ ನಿನ್ನ ಬ್ಯಾಗ್ ದಿನಾ ನಾನೇ ಹೊರ್ತಿದ್ದೆ. ನಾನು ನಿನ್ನ ಕೇಳಿದ್ನಾ?"

"ಇಲ್ಲ."

"ನನ್ನ ಮೇಲೆ ಯಾವತ್ತೂ ಕೋಪ ಬರಲಿಲ್ಲವಲ್ಲ ನಿನಗೆ?"

"ದಿನಾ ಬರ್ತಿತ್ತು."

ಅಕ್ಕ ಕಣ್ಣರಳಿಸಿದಳು. ಆಮೇಲೆ ಇಬ್ಬರಿಗೂ ಒಟ್ಟಿಗೆ ನಗು ಬಂತು; ಅವಳಿಗೆ ನಗುವಿನ ಜೊತೆ ಅಳುವೂ ಬಂತು.

"ಈಗ ಹೇಳ್ತಿದೀಯಲ್ಲೇ ಕಳ್ಳಿ! ಆವಾಗ ಹೇಳಿದ್ರೆ ನನ್ನ ಹೆಗಲಾದ್ರೂ ಉಳೀತಿತ್ತು." ಅಕ್ಕ ಅವಳ ಮೂಗನ್ನು ಸೆರಗಿನಿಂದ ಒರೆಸಿದಳು. "ನಂಗೆ ಕೇಳಬೇಕು ಅಂತ ಗೊತ್ತೇ ಇರಲಿಲ್ಲ ಕಣೆ. ನೀನು ಹೇಳಲಿಲ್ಲ. ಅವನಿಗಾದ್ರೂ ಹೇಳಿ ಬಂದಿದೀಯ. ಇನ್ನು ಅವನು ಏನು ಮಾಡ್ತಾನೆ ನೋಡು. ತಲೆ ಇದ್ರೆ ಕಲೀತಾನೆ. ಇಲ್ಲದಿದ್ರೆ, ನಷ್ಟ ಅವನದು."

ಹಾಗೆಂದು ಅಕ್ಕ ಬಟ್ಟೆಯ ರಾಶಿ ಎತ್ತಿಕೊಂಡು ಹೊರಟವಳು ಬಾಗಿಲಲ್ಲಿ ನಿಂತಳು. "ಬಣ್ಣ ಯಾವುದು ಅಂದೆ?"

"ಕಂದುಗೆಂಪು."

"ಛೆ," ಎಂದಳು ಅಕ್ಕ, ನಿಜವಾದ ದುಃಖದಿಂದ.

* * *

ಶನಿವಾರ ಬೆಳಿಗ್ಗೆ ಲೈಬ್ರರಿಯ ಹಿಂದಿನ ಹಾಲ್‌ನಲ್ಲಿ ಹಿರಿಯರಿಗೆ ಅವಳು ಕಂಪ್ಯೂಟರ್ ಕಲಿಸುತ್ತಿದ್ದಳು. ಆ ದಿನ ಬಸ್ಸು ತಡವಾಯಿತು. ಹಾಲ್‌ನ ಬಾಗಿಲಿಗೆ ಬಂದಾಗ ಒಳಗಿನಿಂದ ಗಲಾಟೆ ಕೇಳಿಸಿತು. ನಿಂತಳು.

ಮುಂದಿನ ಸಾಲಿನಲ್ಲಿ ಅವನ ಅಮ್ಮ ಕೂತಿದ್ದರು, ಮಗನನ್ನೂ ಜೊತೆಗೆ ಕರೆತಂದಿದ್ದ ಹೊಸ ವಿದ್ಯಾರ್ಥಿನಿ. ಅವರ ಪಕ್ಕದಲ್ಲಿ ನಿವೃತ್ತ ನರ್ಸ್ ಒಬ್ಬರು, ತರಗತಿಯಲ್ಲೇ ಗಟ್ಟಿ ಗಂಟಲಿನವರು. ಅವರ ಲ್ಯಾಪ್‌ಟಾಪ್ ಮೇಲೆ ಟೂಲ್‌ಬಾರ್‌ಗಳು ಮಹಡಿ ಕಟ್ಟಿದ್ದವು. ಅವರ ಹಿಂದೆ, ಬಾಗಿಲಿಗೆ ಬೆನ್ನು ಮಾಡಿ, ಅವನು ನಿಂತಿದ್ದ. ಅವನ ಕೈಗಳು ಬೆನ್ನ ಹಿಂದೆ ಕಟ್ಟಿಕೊಂಡಿದ್ದವು.

"ತಾರೀಖಿನ ಪ್ರಕಾರ ಜೋಡಿಸಿದ್ರಾ? ಈಗ ನೋಡಿ, ಇವರಲ್ಲಿ ಯಾರನ್ನ ನೀವು ಕರೆದಿದ್ರಿ?"

"ಒಬ್ಬರನ್ನೂ ಕರೆದಿಲ್ಲ," ಎಂದರು ನರ್ಸ್. "ನೀನೇ ಒತ್ತಿ ಎಲ್ಲರನ್ನೂ ಓಡಿಸಬಾರ್ದೇನಪ್ಪಾ? ಕೈಗೇನಾಗಿದೆ ನಿಂಗೆ?"

"ಒತ್ತಬಾರ್ದಮ್ಮ. ನೀವೇ ತೆಗೆದ್ರೆ ನಿಮ್ಮ ಕೈಗೆ ಗೊತ್ತಿರುತ್ತೆ. ನನಗೆ ಕಲಿಸಿದವರ ರೂಲ್ ಅದು."

"ಯಾರಪ್ಪಾ ಅಂಥ ಗಟ್ಟಿಗಿತ್ತಿ?"

"ಬಾಗಿಲಲ್ಲಿ ನಿಂತಿದಾರೆ," ಎಂದ ಅವನು. ತಿರುಗಿ ನೋಡಿರಲಿಲ್ಲ. ಅವಳ ಹೆಜ್ಜೆ ಅವನಿಗೆ ಗೊತ್ತಿತ್ತು.

ಎಲ್ಲರೂ ತಿರುಗಿದರು. ಅವಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಬೇರೆಯದೇ. ನರ್ಸ್ ತಾವೇ ಹುಡುಕಿ, ತಾವೇ ಓದಿ, ಮೊದಲ ಟೂಲ್‌ಬಾರ್ ಕಿತ್ತುಹಾಕಿ 'ಹೋಯ್ತು ಪೀಡೆ!' ಎಂದು ಕೂಗಿದಾಗ ಅವನು ಹುಬ್ಬು ಮಾತ್ರ ಏರಿಸಿದ. ಆ ಹುಬ್ಬು ಅವಳದು. ತಾನು ಕಲಿಸಿದ್ದು ಇನ್ನೊಬ್ಬರ ಮುಖದಲ್ಲಿ ಅಷ್ಟು ಸರಿಯಾಗಿ ಕೂತದ್ದನ್ನು ನೋಡಿ ಅವಳ ಎದೆ ಉಬ್ಬಿತು.

ತರಗತಿ ಮುಗಿದು ಎಲ್ಲರೂ ಹೊರಟರು. ಅಮ್ಮ ನರ್ಸ್‌ನ ತೋಳು ಹಿಡಿದುಕೊಂಡು, "ಬನ್ನಿ, ಹೊರಗೆ ಗಾಳಿ ಚೆನ್ನಾಗಿದೆ," ಎಂದು ಎಳೆದುಕೊಂಡೇ ಹೋದರು. ನರ್ಸ್, "ಎಲ್ಲಿದೆ ಗಾಳಿ?" ಎನ್ನುತ್ತಲೇ ಹೋದರು.

ಅವನು ಕುರ್ಚಿಗಳನ್ನು ಗೋಡೆಗೆ ಸೇರಿಸುತ್ತಿದ್ದ. ಒಂದನ್ನು ಹಿಡಿದುಕೊಂಡೇ ನಿಂತ.

"ಆ ಶೂವಿನ ಹೊಲಿಗೆಯೆಲ್ಲ ಬಿಚ್ಚಿಹಾಕಿದೆ."

ಅವಳು ಚಟ್ಟನೆ ತಲೆ ಎತ್ತಿದಳು. "ಅಷ್ಟು ಚೆನ್ನಾಗಿತ್ತು."

"ಇತ್ತು. ನಾನು ಮಾಡಿದ್ರಲ್ಲೇ ಚೆನ್ನಾಗಿದ್ದಿದ್ದು ಅದು. ಆದ್ರೆ ಕೇಳದೆ ಹಾಕಿದ್ದನ್ನ ಪೂರ್ತಿ ತೆಗೀಬೇಕು, ಒಂಚೂರು ಉಳಿದ್ರೂ ಮತ್ತೆ ಬರುತ್ತೆ ಅಂತ ನೀವೇ ತೋರಿಸಿದ್ರಿ. ತಪ್ಪು ನನ್ನದು. ಕೇಳಿದ್ರೆ ಬೇಡ ಅಂದುಬಿಡ್ತೀರಿ ಅಂತ ಭಯ ಇತ್ತು. ಅಂಥ ಭಯ ಇದ್ದೋರು ಮಾಡೋ ಕೆಲಸ ಯಾವುದು ಅಂತ ನಾನೇ ದೊಡ್ಡದಾಗಿ ಹೇಳಿದ್ದೆ."

ಅವಳು ಮೇಜಿಗೆ ಒರಗಿದಳು. "ನಿಜ ಹೇಳಿ. ಪಾಪ ಅನ್ನಿಸಿತಾ?"

ಅವನು ಕುರ್ಚಿ ಕೆಳಗಿಟ್ಟ. ಮೊದಲ ಬಾರಿಗೆ ಅವನ ದನಿಯಲ್ಲಿ ಬಿಗಿ ಬಂತು. "ನನ್ನ ಅಂಗಡಿಗೆ ಬರೋ ಯಾರನ್ನೂ ನಾನು ಪಾಪ ಅನ್ನಲ್ಲ. ಅಂಗಡಿ ಶುರು ಮಾಡಿದ ನಮ್ಮಪ್ಪನೂ ಅನ್ನಲಿಲ್ಲ. ಅಲ್ಲಿ ಇರೋದು ಅಳತೆ ಮಾತ್ರ. ನಿಮ್ಮ ನಡಿಗೆ ನೋಡಿದಾಗ ನನಗೆ ಅನ್ನಿಸಿದ್ದು ಏನು ಗೊತ್ತಾ? ಯಾರೂ ಕಲಿಸದೆ, ಒಂದು ತುಂಡು ಸ್ಪಂಜ್ ಇಟ್ಕೊಂಡು, ಒಬ್ಬಳೇ ಇದನ್ನ ಕಟ್ಟಿದಾಳಲ್ಲ, ಎಂಥ ಕೆಲಸಗಾರ್ತಿ ಅಂತ. ನನಗೆ ಹೊಟ್ಟೆಕಿಚ್ಚಾಯ್ತು. ಅದಕ್ಕೇ ಕಣ್ಣು ತೆಗೆಯೋಕಾಗಲಿಲ್ಲ."

ಆ ನಡಿಗೆಗೆ ಅಷ್ಟು ವರ್ಷದಲ್ಲಿ ಸಿಕ್ಕ ಮೊದಲ ಮೆಚ್ಚುಗೆ ಅದು. ಬಚ್ಚಿಟ್ಟದ್ದನ್ನು ಯಾರು ತಾನೇ ಮೆಚ್ಚಬಲ್ಲರು?

"ಈಗ ಕೇಳ್ತಿದೀನಿ," ಎಂದ ಅವನು. "ನಿಮ್ಮ ಕಾಲಿನ ಅಳತೆ ತಗೋಬೋದಾ? ಬೇಡ ಅಂದ್ರೆ ಇನ್ನೊಂದು ಸಲ ಕೇಳಲ್ಲ. ಅದು ಬೇರೆ, ಮತ್ತೆ... ಇನ್ನೊಂದು ಬೇರೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಒಂದಕ್ಕೆ ಹೂಂ ಅಂದು ಇನ್ನೊಂದಕ್ಕೆ ಬೇಡ ಅನ್ನಬೋದು."

"ಆ ಇನ್ನೊಂದು ಏನು?"

"ಗೊತ್ತಿಲ್ವಾ?"

"ಓದದೆ ನಾನು ಯಾವುದಕ್ಕೂ ಒಪ್ಪಲ್ಲ. ಚಿಕ್ಕ ಅಕ್ಷರದ್ದೂ ಸೇರಿಸಿ ಎಲ್ಲಾ ಹೇಳಿ."

ಅವನು ತಲೆ ಕೆರೆದುಕೊಂಡ. ಕಿವಿ ಕೆಂಪಾಯಿತು. "ನನಗೆ ನೀವಂದ್ರೆ ಇಷ್ಟ. ತುಂಬಾ ಇಷ್ಟ. ಇದು ದೊಡ್ಡ ಅಕ್ಷರ. ಚಿಕ್ಕ ಅಕ್ಷರದಲ್ಲಿ... ಮೈಯೆಲ್ಲ ಅಂಟಿನ ವಾಸನೆ ಇರುತ್ತೆ. ಕೆಲಸದಲ್ಲಿದ್ದಾಗ ಕರೆದ್ರೆ ಕೇಳಿಸಲ್ಲ. ಬೀದಿಲಿ ಹೋಗೋರ ಕಾಲು ನೋಡ್ತೀನಿ, ಬಿಡೋಕಾಗಲ್ಲ. ಅಮ್ಮ ಈಗಲೂ ಆ ನಾಯಿಮರಿನ ನೆನಪು ಮಾಡ್ಕೋತಾರೆ, ಒಂದಲ್ಲ ಒಂದು ದಿನ ನಿಜವಾದ ಒಂದು ನಾಯಿಮರಿ ತಂದೇ ತರ್ತಾರೆ."

"ಅಷ್ಟೇನಾ?"

"ನೆನಪಾಗಿದ್ದು ಅಷ್ಟು. ಮಿಕ್ಕಿದ್ದು ನಿಮಗೇ ಸಿಗುತ್ತೆ, ನೀವು ಹುಡುಕದೆ ಬಿಡ್ತೀರಾ? ಟಿಕ್ ಯಾವುದಕ್ಕೂ ಹಾಕಿಲ್ಲ ಮೇಡಂ. ಎಲ್ಲಾ ಖಾಲಿ ಇದೆ."

ಹೊರಗೆ ಅಮ್ಮ ನರ್ಸ್‌ಗೆ ಏನೋ ಜೋರಾಗಿ ಹೇಳುತ್ತಾ, ಇಲ್ಲದ ಗಾಳಿಯನ್ನು ಹೊಗಳುತ್ತಿದ್ದರು. ಅವಳು ಒಂದು ಕುರ್ಚಿ ಎಳೆದುಕೊಂಡು ಕೂತಳು. ಬಾಗಿ ತನ್ನ ಎಡ ಶೂವಿನ ಲೇಸ್ ತಾನೇ ಬಿಚ್ಚಿದಳು. ಶೂ ತೆಗೆದಳು. ಒಳಗಿನಿಂದ ಆ ಸ್ಪಂಜಿನ ತುಂಡನ್ನು, ಅಕ್ಕನ ಮುಂದೆ ಬಿಟ್ಟು ಯಾರ ಮುಂದೆಯೂ ತೆಗೆಯದಿದ್ದದ್ದನ್ನು, ತೆಗೆದು ಮೇಜಿನ ಮೇಲಿಟ್ಟಳು. ನಾಚಲಿಲ್ಲ. ಪದಕ ಇಟ್ಟ ಹಾಗೆ ಇಟ್ಟಳು.

"ಮೊದಲನೇದಕ್ಕೆ ಹೂಂ," ಎಂದಳು.

ಅವನು ಜೇಬಿನಿಂದ ಅಳತೆಯ ಪಟ್ಟಿ ತೆಗೆದು ನೆಲದ ಮೇಲೆ ಮಂಡಿಯೂರಿದ. ಕೈ ಅವಳ ಪಾದದ ಹತ್ತಿರ ಬಂದು ನಿಂತಿತು. "ಮುಟ್ಟಬೋದಾ?"

"ಅಳತೆ ಕಣ್ಣಲ್ಲೇ ತಗೋತೀರಾ ಹಾಗಾದ್ರೆ?"

"ಕೇಳೋದು ಅಭ್ಯಾಸ ಮಾಡ್ಕೋತಿದೀನಿ."

"ಮುಟ್ಟಿ."

ಅವನ ಬೆರಳು ಬೆಚ್ಚಗಿತ್ತು, ಒರಟಾಗಿತ್ತು. ಅವನು ಅವಳ ಪಾದವನ್ನು ಓದಿದ. ಓದುವಾಗ ತುಟಿ ಅಲುಗಿತು. ಈ ಸಲ ಅವಳು ನೋಡಬಾರದಿತ್ತು ಎಂದುಕೊಳ್ಳಲಿಲ್ಲ.

"ಎರಡನೇದು?" ಅವನು ತಲೆ ಎತ್ತದೆ ಕೇಳಿದ.

"ಶೂ ಬರಲಿ. ನಡೆದು ನೋಡಿ ಹೇಳ್ತೀನಿ."

* * *

ಶೂ ಸಿದ್ಧವಾದ ದಿನ ಅಂಗಡಿಯ ಕಿಟಕಿಯಲ್ಲಿ ಬೆಳಗಿನ ಬಿಸಿಲು ತುಂಬಿತ್ತು. ಬಣ್ಣ ಯಾವುದಿರಲಿ ಎಂದು ಅವನು ಕೇಳಿದ್ದ. ಅವಳು ಅಕ್ಕನನ್ನು ಕೇಳಿ ಕಂದುಗೆಂಪು ಎಂದಿದ್ದಳು. ಅವನು ತೊಡಿಸಿದ. ಲೇಸ್ ಅವಳು ಕಟ್ಟಿಕೊಂಡಳು. ಅವನು ಎದ್ದು ಹಿಂದಕ್ಕೆ ಹೋಗಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಗಲ್ಲಾದಲ್ಲಿ ಅಮ್ಮ ಉಸಿರು ಹಿಡಿದುಕೊಂಡರು.

ಅವಳು ಎದ್ದಳು.

ಮೊದಲ ಹೆಜ್ಜೆಗೆ ನೆಲ ಬೇರೆಯಾಗಿತ್ತು. ಅಷ್ಟು ವರ್ಷ ಅವಳ ಎಡಗಾಲು ನೆಲವನ್ನು ಹುಡುಕಿಕೊಂಡು ಹೋಗುತ್ತಿತ್ತು. ಇವತ್ತು ನೆಲವೇ ಎದುರು ಬಂದು ನಿಂತಿತ್ತು. ಟಕ್, ಟಕ್. ಎರಡೂ ಒಂದೇ ಸದ್ದು. ಅವಳು ತನ್ನನ್ನು ತಾನು ಕಾಯುವುದನ್ನು ಎಲ್ಲೋ ಮಧ್ಯದಲ್ಲಿ ಮರೆತಳು. ಗಲ್ಲಾ ದಾಟಿದಳು. ಅವನ ಹತ್ತಿರ ಬಂದಳು. ಅವನು ಅವಳು ನಿಲ್ಲುತ್ತಾಳೆ ಎಂದುಕೊಂಡ. ಅವಳು ನಿಲ್ಲಲಿಲ್ಲ. ಅವನನ್ನು ದಾಟಿ, ಗಾಜಿನ ಬಾಗಿಲು ತಳ್ಳಿ, ಬೀದಿಗೆ ಇಳಿದಳು.

ಬಿಸಿಲಲ್ಲಿ, ಜನರ ಮಧ್ಯೆ, ಗದ್ದ ಮೇಲೆತ್ತಿ ಅವಳು ನಡೆದು ಹೋಗುವುದನ್ನು ಅವನು ಬಾಗಿಲಲ್ಲಿ ನಿಂತು ನೋಡಿದ. ಅವತ್ತು ಗೋಡೆ ಹಿಡಿದು ನಿಂತಿದ್ದ ತಿರುವಿಗೆ ಬಂದಾಗ ಅವಳು ತಿರುಗಿದಳು. ಮುಖದ ತುಂಬ ನಗು. ಸುತ್ತ ಯಾರಿದ್ದಾರೆ ಎಂದು ನೋಡಿಕೊಳ್ಳದ ನಗು. ಕೈ ಚಾಚಿದಳು.

"ಬರಲ್ವಾ?"

ಅವನ ಕೈಗಳು ಇನ್ನೂ ಬೆನ್ನ ಹಿಂದೆಯೇ ಇದ್ದವು. "ಕರೆದ್ರಾ?" ಎಂದು ಬೀದಿಯೆಲ್ಲ ಕೇಳುವ ಹಾಗೆ ಕೂಗಿದ.

"ಹೂಂ!" ಎಂದಳು ಅವಳು, ಅದಕ್ಕಿಂತ ಜೋರಾಗಿ. "ಕರೆದೆ. ಬಾ."